ತಾರೀಕು ನೆನಪಿಲ್ಲ ಅಕ್ಕಾ

12 ಮಾರ್ಚ್ 2025, ಬುಧವಾರ

ಇವತ್ತು ವಕೀಲರ ಆಫೀಸಿಗೆ ಹೋದ ಕೂಡಲೇ ಡಿವಿ ಅರ್ಜಿ, ಅಂದರೆ ಕೌಟುಂಬಿಕ ದೌರ್ಜನ್ಯದ ಅರ್ಜಿ. ಮೇಡಂ ಕೋರ್ಟಿಗೆ ಹೊರಟಿದ್ದರು. "ನಡೆದಿದ್ದನ್ನೆಲ್ಲ ತಾರೀಕಿನ ಪ್ರಕಾರ ಟೈಪ್ ಮಾಡಿಡು, ನಾಳೆ ಹಾಕೋಣ" ಅಂದು ಹೋದರು. ಬಂದಾಕೆಗೆ ಒಂದೇ ಒಂದು ತಾರೀಕೂ ನೆನಪಿಲ್ಲ.

"ಕೈ ತಿರುಚಿದ್ದು ಯಾವಾಗಮ್ಮ?"

"ಮಗಳಿಗೆ ಜ್ವರ ಬಂದಿತ್ತಲ್ಲ ಅಕ್ಕಾ, ಆಗ."

ನನಗೇನು ಗೊತ್ತು ಜ್ವರ ಯಾವಾಗ ಬಂದಿತ್ತು ಅಂತ! ಪರ್ಸ್ ತಡಕಾಡಿದಳು. ಡಾಕ್ಟರ್ ಚೀಟಿ ನಾಲ್ಕು ಮಡಿಕೆಯಾಗಿ ಅದರಲ್ಲೇ ಇತ್ತು, ಮೂಲೆಯಲ್ಲಿ ತಾರೀಕು. ಎಟಿಎಂ ಕಾರ್ಡ್ ಕಿತ್ತುಕೊಂಡ ದಿನವನ್ನು ಬ್ಯಾಂಕಿನ ಮೆಸೇಜಿನಲ್ಲಿ ಹುಡುಕಿದೆವು. ಸಂಬಳ ಬಿದ್ದ ದಿನವೇ ಪೂರ್ತಿ ಡ್ರಾ ಆಗಿತ್ತು.

"ಇದನ್ನೂ ಬರೀಬೇಕಾ? ಅವತ್ತು ಹೊಡೆದಿಲ್ಲ."

ಬರೀಲೇಬೇಕು. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಹೊಡೆತವನ್ನಷ್ಟೇ ದೌರ್ಜನ್ಯ ಅನ್ನುವುದಿಲ್ಲ. ಬೈಗುಳ, ಲೈಂಗಿಕ ಹಿಂಸೆ, ದುಡ್ಡು ಕಿತ್ತುಕೊಳ್ಳೋದು, ಖರ್ಚಿಗೆ ಕೊಡದೆ ಸತಾಯಿಸೋದು, ಎಲ್ಲವೂ ಅದರಲ್ಲಿದೆ. ಬರುವವರಲ್ಲಿ ಜಾಸ್ತಿ ಜನ ಗಾಯ ತೋರಿಸಿ ಸುಮ್ಮನಾಗುತ್ತಾರೆ. ಉಳಿದಿದ್ದನ್ನು ಕೆದಕಿ ಕೇಳಬೇಕು.

ಈಗ ತನ್ನ ಅಕ್ಕನ ಮನೆಯಲ್ಲಿದ್ದಾಳೆ. ಗಂಡನ ಊರಿಗೇ ಹೋಗಿ ಅರ್ಜಿ ಹಾಕಬೇಕೇನೋ ಅಂತ ಹೆದರಿದ್ದಳು. ಬೇಡ, ತಾತ್ಕಾಲಿಕವಾಗಿ ಇರುವ ಜಾಗದ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲೂ ಹಾಕಬಹುದು. ಮನೆ ಅತ್ತೆಯ ಹೆಸರಿನಲ್ಲಿದೆಯಂತೆ. ಅಷ್ಟಕ್ಕೇ ವಾಸದ ಹಕ್ಕು ಹೋಗಲ್ಲ ಅಂತ ಸುಪ್ರೀಂ ಕೋರ್ಟ್ 2020ರಲ್ಲೇ ಹೇಳಿದೆ.

ಆಮೇಲೆ ಬಂತು ನೋಡಿ, ಅರ್ಜಿಯ ಕೊನೆಯ ಭಾಗ. ಏನು ಕೇಳುತ್ತೇವೆ ಅನ್ನೋದು. ಇಲ್ಲಿ ನನ್ನದೇ ಒಂದು ತಪ್ಪು ಹೇಳಿಕೊಳ್ಳಬೇಕು. ಎರಡು ವರ್ಷದ ಹಿಂದೆ ಒಬ್ಬರ ಅರ್ಜಿಗೆ ಹಳೇ ಫೈಲಿನಿಂದ ಕಾಪಿ ಹೊಡೆದಿದ್ದೆ. "ಅರ್ಜಿದಾರರಿಗೆ ಕಿರುಕುಳ ಕೊಡಬಾರದು", ಅಷ್ಟೇ. ಆದೇಶವೂ ಅಷ್ಟೇ ಬಂತು. ಆ ಮನುಷ್ಯ ದಿನಾ ಸಂಜೆ ಅವರು ಕೆಲಸ ಮಾಡುವ ಜಾಗದ ಗೇಟಿನ ಎದುರು ನಿಲ್ಲತೊಡಗಿದ. ಕೇಳಿದರೆ "ಸುಮ್ನೆ ರಸ್ತೇಲಿ ನಿಂತಿದ್ದೀನಿ, ಕಿರುಕುಳ ಏನು ಕೊಟ್ಟೆ?" ಅಂದನಂತೆ. ಈ ಕಾಯ್ದೆಯ ಸೆಕ್ಷನ್ 18ರಲ್ಲಿ ಕೆಲಸದ ಜಾಗ, ಮಗುವಿನ ಶಾಲೆ, ಫೋನು, ಮೆಸೇಜು, ಜಂಟಿ ಖಾತೆ, ಲಾಕರ್, ಸ್ತ್ರೀಧನ, ಸಹಾಯ ಮಾಡಿದ ನೆಂಟರನ್ನು ಹೆದರಿಸೋದು, ಎಲ್ಲಕ್ಕೂ ತಡೆ ಕೇಳಬಹುದು. ಕೇಳದಿದ್ದರೆ ಯಾರು ಕೊಡ್ತಾರೆ?

ಅವತ್ತಿನಿಂದ ಕಾಪಿ ಹೊಡೆಯೋದು ಬಿಟ್ಟೆ. "ಅವನು ಎಲ್ಲೆಲ್ಲಿ ಬರ್ತಾನೆ?" ಅಂತ ಜಾಗ ಜಾಗ ಕೇಳಿ ಬರೆಯುತ್ತೇನೆ. ಜೊತೆಗೆ ಅಫಿಡವಿಟ್ (ಪ್ರಮಾಣಪತ್ರ), ಕೇಸು ಮುಗಿಯೋ ತನಕದ ಮಧ್ಯಂತರ ಆದೇಶದ ಕೋರಿಕೆ. ಕಾಯ್ದೆ ಪ್ರಕಾರ ಸಾಮಾನ್ಯವಾಗಿ 3 ದಿನದೊಳಗೆ ಮೊದಲ ವಿಚಾರಣೆ, ಮೊದಲ ವಿಚಾರಣೆಯಿಂದ 60 ದಿನದೊಳಗೆ ತೀರ್ಮಾನಕ್ಕೆ ಪ್ರಯತ್ನ. ಆ ಅರವತ್ತು ದಿನವನ್ನು ನಾನಂತೂ ನಂಬಲ್ಲ, ವಾಯ್ದೆ ಮೇಲೆ ವಾಯ್ದೆ ಬೀಳೋದನ್ನು ದಿನಾ ನೋಡ್ತೀನಲ್ಲ. ಅದಕ್ಕೇ ಮಧ್ಯಂತರ ಆದೇಶ ಮುಖ್ಯ. ತುರ್ತು ಅನಿಸಿದರೆ ಎದುರಿನವರು ಬರುವ ಮೊದಲೇ ಜಡ್ಜ್ ಕೊಡಬಹುದು.

"ಅವರನ್ನ ಜೈಲಿಗೆ ಹಾಕ್ತಾರಾ ಅಕ್ಕಾ?" ದನಿ ಸಣ್ಣದಾಯಿತು.

ಈ ಅರ್ಜಿಗೆ ಹಾಕಲ್ಲ ಅಂದೆ. ಆದೇಶ ಮೀರಿದರೆ ಮಾತ್ರ 1 ವರ್ಷದವರೆಗೆ ಜೈಲು, ಇಲ್ಲವೇ 20,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಪೊಲೀಸರು ವಾರಂಟ್ ಇಲ್ಲದೆ ಹಿಡಿಯಬಹುದು. ಆದೇಶದ ಕಾಪಿ ಸ್ಟೇಷನ್‌ಗೂ ಹೋಗುತ್ತೆ, ನಿನಗೂ ದುಡ್ಡಿಲ್ಲದೆ ಸಿಗುತ್ತೆ. ತಲೆಯಾಡಿಸಿದಳು. ಸಮಾಧಾನ ಆಯಿತೋ ಭಯ ಆಯಿತೋ ತಿಳಿಯಲಿಲ್ಲ.

ಮಧ್ಯಾಹ್ನ ಪ್ರಿಂಟ್ ತೆಗೆದು, ಪುಟ ಪುಟಕ್ಕೂ ಸಹಿ ಹಾಕಿಸಿ ಕಳಿಸಿದೆ.

ಈಗ ರಾತ್ರಿ ಒಂಬತ್ತೂವರೆಗೆ ಫೋನ್ ಬಂತು. "ಅಕ್ಕಾ, ಸ್ಕೂಲ್ ವ್ಯಾನ್ ಹತ್ತೋ ಜಾಗ ಬರೆದ್ರಾ? ಅಲ್ಲೂ ಬರ್ತಾರೆ."

ಬರೆದಿರಲಿಲ್ಲ. ನಾಳೆ ಬೇಗ ಹೋಗಿ ಆ ಪುಟ ಮತ್ತೆ ಟೈಪ್ ಮಾಡಬೇಕು.