ರಸ್ನಾ ಹುಡುಗ ಮತ್ತು ನಮ್ಮ ಸಿಂಹಗಳು

2024ರ ಡ್ರಾಫ್ಟಿನ ಹಿಂದಿನ ರಾತ್ರಿ ಊಟದ ಮೇಜಿನ ಮೇಲೆ ಅಮ್ಮನ ಗೇಣು ಅಳೆದೆವು. ಏಳೂಕಾಲು ಇಂಚು ಬಂತು. ಮಗಳು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, "ಅಜ್ಜಿ, ನೀನು ಕ್ವಾರ್ಟರ್‌ಬ್ಯಾಕ್ ಆಗೋಕಾಗಲ್ಲ" ಅಂದಳು.

"ಬಿಡವ್ವ, ಹೆಂಗೂ ಮಂಡಿ ನೋವು" ಅಂದಳು ಅಮ್ಮ.

ಗೇಣಿನ ವಿಷಯ ತಮಾಷೆಯಲ್ಲ. ಅಮೆರಿಕನ್ ಫುಟ್‌ಬಾಲಿನ ದೊಡ್ಡ ಲೀಗ್ ಎನ್‌ಎಫ್‌ಎಲ್. ಅದರ ತಂಡಗಳು ಕಾಲೇಜು ಹುಡುಗರನ್ನು ಆರಿಸಿಕೊಳ್ಳುವುದಕ್ಕೇ ಡ್ರಾಫ್ಟ್ ಅನ್ನೋದು. ಅದಕ್ಕೆ ಮೊದಲು ಇಂಡಿಯಾನಾಪೊಲಿಸ್‌ನಲ್ಲಿ ಒಂದು ತಪಾಸಣೆ ನಡೆಯುತ್ತದೆ. ಅದರ ಹೆಸರು ಕಂಬೈನ್. ಎತ್ತರ, ತೂಕ, ತೋಳಿನ ಉದ್ದ, ನಿಂತಲ್ಲಿಂದ ಎಷ್ಟು ಎತ್ತರ ನೆಗೆಯುತ್ತಾನೆ, 40 ಗಜ ಎಷ್ಟು ಸೆಕೆಂಡಿಗೆ ಓಡುತ್ತಾನೆ, ಎಲ್ಲ ನೋಡುತ್ತಾರೆ. ಹೆಬ್ಬೆರಳ ತುದಿಯಿಂದ ಕಿರುಬೆರಳ ತುದಿಯವರೆಗೆ ಅಂಗೈ ಅಗಲಿಸಿ ಅಳೆಯುತ್ತಾರೆ. ಅಂದರೆ ನಮ್ಮ ಗೇಣೇ. 2022ರಲ್ಲಿ ಕೆನ್ನಿ ಪಿಕೆಟ್ ಅನ್ನೋ ಕ್ವಾರ್ಟರ್‌ಬ್ಯಾಕಿನ, ಅಂದರೆ ಚೆಂಡು ಎಸೆದು ಆಟ ನಡೆಸುವವನ ಗೇಣು ಎಂಟೂವರೆ ಇಂಚು ಅಂತ ಗೊತ್ತಾದಾಗ, ಹುಡುಗನಿಗೆ ಏನೋ ಕಾಯಿಲೆ ಅನ್ನುವ ಹಾಗೆ ಎಲ್ಲರೂ ಮಾತಾಡಿದರು.

ಅಮ್ಮ ಆ ವಿಡಿಯೋಗಳನ್ನೆಲ್ಲ ನೋಡಿದಳು. ನಮ್ಮೂರು ದೊಡ್ಡಬಳ್ಳಾಪುರದ ಹತ್ತಿರ. ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆ ನೋಡಿ ಬೆಳೆದವಳು ಅವಳು. "ಇದೇನೋ, ಹಲ್ಲು ಹಿಡಿದು ನೋಡೋದೊಂದು ಬಾಕಿ. ಸುಳಿ ನೋಡಲ್ವಾ? ಟವಲ್ ಕೆಳಗೆ ಕೈ ಹಿಡಿದು ರೇಟು ಮಾತಾಡಲ್ವಾ?" ಅಂದಳು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ಅವರೇನು ಎತ್ತೇನೋ?" ಅಂತಲೂ ಕೇಳಿದಳು. ಆ ಹುಡುಗರಲ್ಲಿ ಹೆಚ್ಚಿನವರು ಕಪ್ಪು ಜನ. ಈ ದೇಶದಲ್ಲಿ ಆ ಪ್ರಶ್ನೆಗೆ ಬೇರೆಯೇ ಭಾರವಿದೆ. ಇಲ್ಲಿಯವರೂ ಕೇಳಿರುವ ಪ್ರಶ್ನೆಯೇ ಅದು. ನನಗೆ ಉತ್ತರ ಹೊಳೆಯಲಿಲ್ಲ. ಟೇಪು ಸುತ್ತಿಟ್ಟೆ.

ನಾನು ಡೆಟ್ರಾಯಿಟ್ ಲಯನ್ಸ್ ಅಭಿಮಾನಿ. ಆರ್‌ಸಿಬಿ ಅಭಿಮಾನಿಯೂ ಹೌದು. ಎರಡೂ ಕಾಯಿಲೆ ಒಂದೇ ವರ್ಷ ಹತ್ತಿದ್ದು. 2008ರ ಏಪ್ರಿಲ್‌ನಲ್ಲಿ ಚಿನ್ನಸ್ವಾಮಿಯಲ್ಲಿ ಐಪಿಎಲ್ಲಿನ ಮೊಟ್ಟಮೊದಲ ಪಂದ್ಯ. ಮೆಕಲಮ್ ಒಬ್ಬನೇ 158 ಹೊಡೆದ. ನಮ್ಮವರು ಎಲ್ಲರೂ ಸೇರಿ 82. ಅದನ್ನು ಟಿವಿಯಲ್ಲಿ ನೋಡಿ, ಆಗಸ್ಟಿನಲ್ಲಿ ಕೆಲಸಕ್ಕೆ ಅಂತ ಮಿಶಿಗನ್‌ಗೆ ಬಂದೆ. ಡಿಸೆಂಬರಿನಲ್ಲಿ ಆಫೀಸಿನಲ್ಲಿ ಯಾರೋ ಲಯನ್ಸ್ ಪಂದ್ಯದ ಟಿಕೆಟ್ ಸುಮ್ನೆ ಕೊಟ್ಟರು. ಪುಕ್ಕಟೆ ಕೊಟ್ಟಾಗಲೇ ಅನುಮಾನ ಬರಬೇಕಿತ್ತು. ಫೋರ್ಡ್ ಫೀಲ್ಡಿನಲ್ಲಿ ನ್ಯೂ ಆರ್ಲಿಯನ್ಸ್ ಎದುರು 42–7ರಿಂದ ಸೋತೆವು. ಪಕ್ಕದ ಸೀಟಿನವನು ತಲೆಗೆ ಕಾಗದದ ಚೀಲ ಹಾಕಿಕೊಂಡು ಕೂತಿದ್ದ. ಆ ವರ್ಷ 16 ಪಂದ್ಯ, 16 ಸೋಲು. ಅಲ್ಲಿಯವರೆಗೆ ಯಾವ ತಂಡವೂ ಒಂದು ಸೀಸನ್ನಿನಲ್ಲಿ 16ಕ್ಕೆ 16 ಸೋತಿರಲಿಲ್ಲ. ಹೊಸ ಊರು, ಮೊದಲ ಚಳಿಗಾಲ, ಕಾರು ಕಂಪನಿಗಳು ಮುಳುಗುತ್ತಿದ್ದ ಕಾಲ. ಕೆಲಸ ಇರುತ್ತೋ ಇಲ್ವೋ ಗೊತ್ತಿಲ್ಲ. ತಂಡವಂತೂ ನನಗೆ ಗುರುತಿದ್ದ ರೀತಿಯಲ್ಲೇ ಸೋಲುತ್ತಿತ್ತು. ತವರಿಗೆ ಬಂದ ಹಾಗಾಯಿತು.

ಸೋಲುವ ತಂಡಗಳಿಗೆ ಡ್ರಾಫ್ಟೇ ಹಬ್ಬ. ನಮ್ಮ ಪಕ್ಕದ ಮನೆಯ ತಾತ ಮೂವತ್ತು ವರ್ಷ ಕಾರು ಕಾರ್ಖಾನೆಯಲ್ಲಿ ದುಡಿದವರು. 1957ರಲ್ಲಿ ಲಯನ್ಸ್ ಕೊನೆಯ ಸಲ ಚಾಂಪಿಯನ್ ಆದಾಗ ಅವರು ಹತ್ತು ವರ್ಷದ ಹುಡುಗ. ಅವರ ಲೆಕ್ಕದಲ್ಲಿ ಏಪ್ರಿಲ್ ಅಂದರೆ ಹಬ್ಬ, ಸೆಪ್ಟೆಂಬರಿಗೆ ಆಟ ಶುರುವಾದರೆ ಸೂತಕ. ಏಪ್ರಿಲ್ಲಿನಲ್ಲಿ ಯಾರೂ ಸೋತಿರುವುದಿಲ್ಲ ನೋಡಿ.

ಅಮ್ಮನಿಗೆ ಇದರ ಕ್ರಮ ಅರ್ಥ ಮಾಡಿಸೋಕೆ ಮದುವೆ ಮನೆ ಪಂಕ್ತಿಗೆ ಹೋಗಬೇಕಾಯಿತು. 32 ತಂಡ, ಏಳು ಸುತ್ತು. ಹೋದ ವರ್ಷ ಕೊನೆಗೆ ಕೂತವನ ಎಲೆಗೆ ಮೊದಲ ಹೋಳಿಗೆ. ಗೆದ್ದವನಿಗೆ ಕಟ್ಟಕಡೆಗೆ. ಐಪಿಎಲ್ ಹರಾಜಿನ ಹಾಗೆ ಇಲ್ಲಿ ಯಾರೂ ಕೂಗುವಂತಿಲ್ಲ. ಹುಡುಗ ಎಷ್ಟನೆಯವನಾಗಿ ಆಯ್ಕೆಯಾದ ಅನ್ನುವುದರ ಮೇಲೆ ಮೊದಲ ಸಂಬಳ ಹೆಚ್ಚುಕಮ್ಮಿ ನಿಗದಿಯಾಗಿಬಿಡುತ್ತದೆ. ಆದರೆ ತನ್ನ ಸರದಿಯನ್ನು ಬೇರೆಯವರಿಗೆ ಮಾರಿಕೊಳ್ಳಬಹುದು. 2024ರ ಮೊದಲ ಹೋಳಿಗೆ ಕ್ಯಾರೊಲಿನಾಕ್ಕೆ ಸಲ್ಲಬೇಕಿತ್ತು, ಯಾಕಂದರೆ 17 ಪಂದ್ಯದಲ್ಲಿ ಎರಡೇ ಗೆದ್ದು ಅವರು ಎಲ್ಲರಿಗಿಂತ ಕೆಳಗಿದ್ದರು. ಆದರೆ ಅದನ್ನು ಹಿಂದಿನ ವರ್ಷವೇ ಚಿಕಾಗೋಗೆ ಕೊಟ್ಟಾಗಿತ್ತು. ಸೋತು ಸುಣ್ಣವಾದವರು ಇವರು, ಹೋಳಿಗೆ ಅವರಿಗೆ.

"ಇಂಥ ಪೆದ್ದರೂ ಇರ್ತಾರಾ?" ಅಂದಳು ಅಮ್ಮ.

ಇರ್ತಾರಮ್ಮ. ನಮ್ಮವರೇ ಇದ್ದರು. 2003ರ ಮೊದಲ ಸುತ್ತಿನಲ್ಲಿ ಲಯನ್ಸ್ ತಗೊಂಡಿದ್ದು ಒಬ್ಬ ವೈಡ್ ರಿಸೀವರ್, ಅಂದರೆ ಮುಂದೆ ಓಡಿ ಚೆಂಡು ಹಿಡಿಯುವವನು. 2004ರಲ್ಲಿ ಇನ್ನೊಬ್ಬ ವೈಡ್ ರಿಸೀವರ್. 2005ರಲ್ಲಿ ಮತ್ತೂ ಒಬ್ಬ. ಮನೆ ಸೂರು ಸೋರುತ್ತಿದ್ದರೆ ವರ್ಷಕ್ಕೊಂದು ಷೋಕೇಸ್ ತಂದ ಹಾಗೆ. ಇದನ್ನು ಓದಿದಾಗ ನನಗೆ ಪಾಪ ಅನ್ನಿಸಲಿಲ್ಲ, ನಗು ಬಂತು. ಬೌಲರ್ ತಗೊಳ್ರಪ್ಪಾ ಅಂತ ಊರೆಲ್ಲ ಕಿರುಚುತ್ತಿದ್ದರೂ ಬ್ಯಾಟ್ಸ್‌ಮನ್‌ಗಳನ್ನೇ ಗುಡ್ಡೆ ಹಾಕುವ ತಂಡ ನನಗೆ ಹೊಸದೇನಲ್ಲವಲ್ಲ.

ಈ ಸಲ ಮಾತ್ರ ಕಥೆ ಬೇರೆಯಿತ್ತು. ಲಯನ್ಸ್ ಚೆನ್ನಾಗಿ ಆಡಿದ್ದರು! ಜನವರಿಯಲ್ಲಿ 32 ವರ್ಷದ ಮೇಲೆ ಮೊದಲ ಪ್ಲೇಆಫ್ ಗೆಲುವು. ಸೂಪರ್ ಬೌಲ್‌ಗೆ, ಅಂದರೆ ಫೈನಲ್‌ಗೆ, ಒಂದೇ ಮೆಟ್ಟಿಲು ಬಾಕಿ. ಸ್ಯಾನ್ ಫ್ರಾನ್ಸಿಸ್ಕೋ ಎದುರು ಅರ್ಧ ಆಟಕ್ಕೆ 24–7 ಮುಂದೆ. ಆಗ ಹೆಂಡತಿ, "ರೀ, ಈಗಲೇ ಸ್ಟೇಟಸ್ ಹಾಕಬೇಡಿ" ಅಂದಿದ್ದಳು. ನಾನು ಹಾಕಿದೆ. 34–31ಕ್ಕೆ ಸೋತೆವು. ಎದುರು ತಂಡದ ಕ್ವಾರ್ಟರ್‌ಬ್ಯಾಕ್ ಬ್ರಾಕ್ ಪರ್ಡಿ. 2022ರ ಡ್ರಾಫ್ಟಿನಲ್ಲಿ 262 ಜನರಲ್ಲಿ 262ನೆಯವನು. ಹಾಗೆ ಕಟ್ಟಕಡೆಗೆ ಆಯ್ಕೆಯಾದವನಿಗೆ ಇಲ್ಲಿ ಒಂದು ಅಡ್ಡಹೆಸರಿದೆ. ಕನ್ನಡದಲ್ಲಿ ಹೇಳಬೇಕಂದರೆ 'ಆಟಕ್ಕುಂಟು ಲೆಕ್ಕಕ್ಕಿಲ್ಲ'. ಲೆಕ್ಕಕ್ಕಿಲ್ಲದವನೇ ನಮ್ಮ ಲೆಕ್ಕ ಚುಕ್ತಾ ಮಾಡಿದ.

ಗೆದ್ದಿದ್ದಕ್ಕೆ ಶಿಕ್ಷೆಯಾಗಿ ನಮ್ಮ ಸರದಿ 29ಕ್ಕೆ ಹೋಗಿತ್ತು. ಇಷ್ಟು ವರ್ಷ ಆರಂಭದಲ್ಲೇ ಹೋಳಿಗೆ ತಿಂದು ಅಭ್ಯಾಸವಾದವರಿಗೆ ಪಂಕ್ತಿಯ ಕೊನೇ ತನಕ ಕಾಯೋದು ಕಷ್ಟ. ಅದರ ಮೇಲೆ ಡ್ರಾಫ್ಟ್ ನಡೆಯುತ್ತಿದ್ದುದು ನಮ್ಮ ಡೆಟ್ರಾಯಿಟ್‌ನಲ್ಲೇ.

ಒಂದು ವಾರದಿಂದ ಆಫೀಸಿನ ಊಟದ ಹೊತ್ತಿನಲ್ಲಿ ನಾನು ಧಾರಾಳವಾಗಿ ಅಭಿಪ್ರಾಯ ಹಂಚುತ್ತಿದ್ದೆ. ಯಾರೂ ಕೇಳಿರಲಿಲ್ಲ. ಒಂದು: ಯಾರು ಯಾರನ್ನು ಆರಿಸುತ್ತಾರೆ ಅಂತ ಮೊದಲೇ ಬರೆಯುವ ಪಂಡಿತರೂ ಬೆಳಗಿನ ಟಿವಿ ಜ್ಯೋತಿಷಿಗಳೂ ಒಂದೇ ಗುರುಕುಲದವರು. 2023ರಲ್ಲಿ ಲಯನ್ಸ್ 12ನೇ ಸರದಿಯಲ್ಲಿ ಜಮೀರ್ ಗಿಬ್ಸ್‌ನನ್ನೂ 18ರಲ್ಲಿ ಜ್ಯಾಕ್ ಕ್ಯಾಂಪ್‌ಬೆಲ್‌ನನ್ನೂ ತಗೊಂಡಾಗ ದಂಡ ಅಂತ ಬೈದರು. ಆ ಗಿಬ್ಸ್ ವರ್ಷಪೂರ್ತಿ ಜಿಂಕೆ ಥರ ಓಡಿದ. ಬೈದವರಲ್ಲಿ ನಾನೂ ಒಬ್ಬ, ಅದನ್ನು ಊಟದ ಮೇಜಿನಲ್ಲಿ ಹೇಳಲಿಲ್ಲ. ಇನ್ನೊಂದು: ಕ್ವಾರ್ಟರ್‌ಬ್ಯಾಕ್ ಹುಚ್ಚು. ಇಂಜಿನಿಯರ್ ಅಳಿಯನೇ ಬೇಕು ಅಂತ ಹಟ ಹಿಡಿಯುವ ಮಾವಂದಿರ ಹಾಗೆ ಎಲ್ಲ ತಂಡಕ್ಕೂ ಕ್ವಾರ್ಟರ್‌ಬ್ಯಾಕೇ ಬೇಕು. ಎಲ್ಲರಿಗಿಂತ ದೊಡ್ಡ ಕ್ವಾರ್ಟರ್‌ಬ್ಯಾಕ್ ಅನ್ನಿಸಿಕೊಂಡ ಟಾಮ್ ಬ್ರೇಡಿ 2000ದಲ್ಲಿ 199ನೆಯವನಾಗಿ ಬಂದ ಅನ್ನೋದನ್ನು ಎಲ್ಲರೂ ಹೇಳುತ್ತಾರೆ, ಯಾರೂ ಅದರಿಂದ ಏನೂ ಕಲಿಯುವುದಿಲ್ಲ. ನಮ್ಮವನೇ ಆಮನ್-ರಾ ಸೇಂಟ್ ಬ್ರೌನ್ 112ನೆಯವನು. ತನಗಿಂತ ಮೊದಲು ಆಯ್ಕೆಯಾದ 16 ರಿಸೀವರ್‌ಗಳ ಹೆಸರನ್ನು ಮಗ್ಗಿ ಥರ ಒಪ್ಪಿಸುತ್ತಾನೆ. ಅತ್ತೆಮನೆಯಲ್ಲಿ ಆದ ಅವಮಾನವನ್ನೂ ಯಾರೂ ಇಷ್ಟು ಕ್ರಮವಾಗಿ ನೆನಪಿಡಲ್ಲ. ಡ್ರಾಫ್ಟಿನ ಹಿಂದಿನ ದಿನವೇ ಅವನಿಗೆ ನಾಲ್ಕು ವರ್ಷಕ್ಕೆ 12 ಕೋಟಿ ಡಾಲರ್ ಕೊಟ್ಟು ಉಳಿಸಿಕೊಂಡರು. ನಮ್ಮ ದುಡ್ಡಿನಲ್ಲಿ ಸುಮಾರು 1,000 ಕೋಟಿ ರೂಪಾಯಿ. ಅಮ್ಮ ಸೊನ್ನೆಗಳನ್ನು ಬೆರಳಲ್ಲಿ ಎಣಿಸಿ ಅರ್ಧಕ್ಕೇ ಕೈಬಿಟ್ಟಳು.

ನಮಗೆ ಬೇಕಿದ್ದುದು ಕಾರ್ನರ್‌ಬ್ಯಾಕ್, ಅಂದರೆ ಎದುರಾಳಿಗೆ ಚೆಂಡು ಹಿಡಿಯೋಕೆ ಬಿಡದವನು. ನನ್ನ ಆಯ್ಕೆ ಕ್ಲೆಮ್ಸನ್ನಿನ ನೇಟ್ ವಿಗಿನ್ಸ್. 40 ಗಜವನ್ನು 4.28 ಸೆಕೆಂಡಿನಲ್ಲಿ ಓಡಿದವನು. ಅಮ್ಮ ಫೋಟೋ ನೋಡಿ, "ಈ ಮಗೀಗೆ ಹೊಟ್ಟೆಗೆ ಸರಿಯಾಗಿ ಹಾಕಿಲ್ಲ" ಅಂದಳು. ಪಂಡಿತರ ತಕರಾರೂ ಅದೇ ಆಗಿತ್ತು, 173 ಪೌಂಡು ಸಾಲದು ಅಂತ. ಮಗಳ ಆಯ್ಕೆ ಅಲಬಾಮಾದ ಕೂಲ್-ಏಡ್ ಮೆಕಿನ್‌ಸ್ಟ್ರಿ. ಆಟ ನೋಡಿ ಅಲ್ಲ, ಹೆಸರು ಕೇಳಿ.

"ಕೂಲ್-ಏಡ್ ಅಂದ್ರೆ?"

"ಶರಬತ್ತಿನ ಪುಡಿ ಅಮ್ಮ. ನಮ್ಮ ರಸ್ನಾ ಥರ."

"ರಸ್ನಾ ಅಂತ ಹೆಸರಿಟ್ಟವ್ರಾ?"

"ಅಡ್ಡಹೆಸರು. ಹುಟ್ಟಿದಾಗ ಅವನ ನಗು ನೋಡಿ ಅವರಜ್ಜಿ ಇಟ್ಟಿದ್ದಂತೆ."

ಅಜ್ಜಿ ಅಂದಿದ್ದೇ ತಡ, ಅಮ್ಮ ಪಕ್ಷ ಬದಲಾಯಿಸಿದಳು. ಮನೆಯಲ್ಲಿ ಎರಡು ಓಟು ರಸ್ನಾಗೆ, ಒಂದು ನನ್ನ ಬಡಕಲನಿಗೆ. ಹೆಂಡತಿ ತಟಸ್ಥ. ಪಕ್ಕದ ಮನೆ ತಾತ ಬೇಲಿ ಆಚೆಯಿಂದ "ಲೈನ್‌ಮನ್ ತಗೊಳ್ಳಲಿ, ದಪ್ಪಗಿರೋರನ್ನ" ಅಂದರು. ಪ್ರತಿ ವರ್ಷ ಅದನ್ನೇ ಹೇಳುತ್ತಾರೆ.

ಗುರುವಾರ ಬೆಳಿಗ್ಗೆ ಹತ್ತಕ್ಕೆ, ಅಂದರೆ ಹೈದರಾಬಾದಿನ ರಾತ್ರಿ ಏಳೂವರೆಗೆ, ಆರ್‌ಸಿಬಿ ಪಂದ್ಯ. ಎಂಟರಲ್ಲಿ ಒಂದೇ ಗೆದ್ದು, ಸತತ ಆರು ಸೋತು ಕೂತಿದ್ದೆವು. ಹತ್ತು ದಿನದ ಹಿಂದೆ ಇದೇ ಹೈದರಾಬಾದಿನವರು ನಮ್ಮ ಚಿನ್ನಸ್ವಾಮಿಗೆ ಬಂದು 287 ಹೊಡೆದಿದ್ದರು. ಒಂದು ಪರದೆಯಲ್ಲಿ ಆಫೀಸ್ ಮೀಟಿಂಗು, ಇನ್ನೊಂದರಲ್ಲಿ ಪಂದ್ಯ. ಪಾಟೀದಾರ್ ಒಂದೇ ಓವರಿನಲ್ಲಿ ಸಾಲಾಗಿ ನಾಲ್ಕು ಸಿಕ್ಸರ್ ಎತ್ತಿದಾಗ ಮೈಕ್ ಆಫ್ ಇತ್ತು, ಕ್ಯಾಮರಾ ಆಫ್ ಇರಲಿಲ್ಲ. "ನಿಮಗೆ ಈ ಪ್ಲಾನ್ ಇಷ್ಟ ಆದ ಹಾಗಿದೆ" ಅಂದ ಮ್ಯಾನೇಜರ್. ತುಂಬಾ ಇಷ್ಟವಾಯಿತು ಅಂದೆ. 35 ರನ್ನಿಂದ ಗೆದ್ದೆವು. ಒಂದೇ ದಿನ ಎರಡೂ ಕಡೆ ಒಳ್ಳೆಯದಾದರೆ ಅಭ್ಯಾಸ ತಪ್ಪಿಹೋಗುತ್ತೆ ಅನ್ನೋ ಭಯದಲ್ಲೇ ಮಧ್ಯಾಹ್ನ ಹೊರಟೆ.

ಪೇಟೆಯ ನಡುಮಧ್ಯದ ಕ್ಯಾಂಪಸ್ ಮಾರ್ಷಿಯಸ್ ಪಾರ್ಕಿನ ಹತ್ತಿರ ವೇದಿಕೆ. ಅಂದು ಎರಡೂಮುಕ್ಕಾಲು ಲಕ್ಷಕ್ಕೂ ಜಾಸ್ತಿ ಜನ ಬಂದಿದ್ದರು. ಆಮೇಲೆ ಬಂದವರಿಗೆ ಗೇಟು ಹಾಕಿದರು. ಮೈದಾನವಿಲ್ಲ, ಚೆಂಡಿಲ್ಲ, ಆಟವಿಲ್ಲ. ಒಬ್ಬ ಮನುಷ್ಯ ಬಂದು ಚೀಟಿ ಓದುತ್ತಾನೆ, ಅಷ್ಟೇ. ಅಮ್ಮ ಸೀರೆ ಮೇಲೆ ನನ್ನ ನೀಲಿ ಲಯನ್ಸ್ ಜಾಕೆಟ್ ಹಾಕಿದ್ದಳು. ಚೀಟಿ ಓದುವ ಕಮಿಷನರ್ ರಾಜರ್ ಗುಡೆಲ್ ಬಂದರೆ ಜನ 'ಬೂ' ಅಂತ ಕೂಗುವುದು ಇಲ್ಲಿನ ಸಂಪ್ರದಾಯ. "ಅವನೇನೋ ಮಾಡಿದ?" ಅಂತ ಕೇಳಿದಳು. ವಿಶೇಷ ಏನಿಲ್ಲ, ಪದ್ಧತಿ ಅಂದೆ. ಪದ್ಧತಿ ಅಂದಮೇಲೆ ಅವಳೂ ಒಂದು ಸಲ ಸಣ್ಣಗೆ 'ಬೂ' ಅಂದಳು.

ಎಂಟನೇ ಸರದಿಯಲ್ಲಿ ಅಟ್ಲಾಂಟಾ ಮೈಕೆಲ್ ಪೆನಿಕ್ಸ್ ಅನ್ನೋ ಕ್ವಾರ್ಟರ್‌ಬ್ಯಾಕನ್ನು ತಗೊಂಡಾಗ ಅಷ್ಟು ಜನವೂ ಒಟ್ಟಿಗೆ 'ಹಾಂ?' ಅಂದರು. ಮಾರ್ಚಿನಲ್ಲಷ್ಟೇ ಕರ್ಕ್ ಕಸಿನ್ಸ್ ಅನ್ನೋ ಇನ್ನೊಬ್ಬ ಕ್ವಾರ್ಟರ್‌ಬ್ಯಾಕಿಗೆ 18 ಕೋಟಿ ಡಾಲರ್ ತನಕದ ಒಪ್ಪಂದ ಮಾಡಿದ್ದರು. ಅಳಿಯ ಮನೆಗೆ ಬಂದು ಆರು ವಾರ, ಆಗಲೇ ಇನ್ನೊಬ್ಬ ಅಳಿಯ! ಮೊದಲ 14 ಸರದಿಯಲ್ಲಿ ಒಬ್ಬನೇ ಒಬ್ಬ ಡಿಫೆನ್ಸಿನವನೂ ಹೋಗಲಿಲ್ಲ. ಎಲ್ಲ ಕಾರ್ನರ್‌ಬ್ಯಾಕ್‌ಗಳೂ ಹಾಗೇ ಉಳಿದಿದ್ದರು. ನನ್ನ ಎದೆ ಡವಡವ. ಅಮ್ಮನ ಮಂಡಿ ಮುಷ್ಕರ.

ಇಪ್ಪತ್ತನೇ ಸರದಿಯ ಹತ್ತಿರ ನಾನು ಲೆಕ್ಕ ಹಾಕಿದೆ. ಒಂದಕ್ಕೆ ಹತ್ತು ನಿಮಿಷ, ಇನ್ನೂ ಒಂಬತ್ತು. ಒಂದೂವರೆ ಗಂಟೆ. ಏಪ್ರಿಲ್ಲಿನ ಚಳಿಯಲ್ಲಿ ಅಮ್ಮ ಜಾಕೆಟ್ಟಿನೊಳಗೆ ಕೈ ಸೇರಿಸಿಕೊಂಡು ನಿಂತಿದ್ದಳು. "ನಡೀರಿ, ಮನೆಗೆ ಹೋಗಿ ಟಿವೀಲಿ ನೋಡೋಣ" ಅಂದೆ. ಮಗಳು ಮುಖ ಊದಿಸಿದಳು. ಇಂಥ ವಿಷಯದಲ್ಲಿ ನನ್ನ ಗಣಿತ ಯಾವತ್ತೂ ತಪ್ಪಲ್ಲ ಅಂದೆ.

ಕಾರು ನಿಲ್ಲಿಸಿದ್ದ ಕಟ್ಟಡದ ಮೂರನೇ ಮಹಡಿ ತಲುಪುವಷ್ಟರಲ್ಲಿ ಅರ್ಧ ಗಂಟೆ. ಅಮ್ಮ ಸೀಟಿನಲ್ಲಿ ಕಾಲು ಚಾಚಿ ಕೂತು ಕೋಡುಬಳೆ ಡಬ್ಬಿ ತೆಗೆದಳು. ನಾನು ಒಂದು ಬಾಯಿಗೆ ಹಾಕಿ ಮುರಿದೆ. ಆಗ ಹಿಂದಿನಿಂದ ಆ ಸದ್ದು ಬಂತು. ಗುಡುಗೂ ಅಲ್ಲ, ರೈಲೂ ಅಲ್ಲ. ಕಾಂಕ್ರೀಟು ಕಂಬ ಅದುರಿದ ಹಾಗೆ. ಎಲ್ಲೋ ಎರಡು ಕಾರಿನ ಅಲಾರಂ ಹೊಡೆದುಕೊಳ್ಳತೊಡಗಿತು.

ಮಗಳು ಫೋನ್ ನೋಡಿದಳು. "ಅಪ್ಪಾ! ಡಲ್ಲಾಸ್ ಜೊತೆ ಟ್ರೇಡ್ ಮಾಡಿದಾರೆ. ನಮಗೆ 24 ಸಿಕ್ಕಿದೆ!"

ನನ್ನ ಬಾಯಲ್ಲಿ ಕೋಡುಬಳೆ ಹಾಗೇ ಇತ್ತು. 29ನ್ನೂ 73ನ್ನೂ ಕೊಟ್ಟು ಮುಂದೆ ನುಗ್ಗಿದ್ದರು. ಹದಿನಾರು ವರ್ಷ ಕಾದು, ಅರ್ಧ ಗಂಟೆಯಲ್ಲಿ ತಪ್ಪಿಸಿಕೊಂಡೆ.

"ಕೂಲ್-ಏಡಾ?" ಅಂದಳು ಅಮ್ಮ.

"ಅಲ್ಲ ಅಜ್ಜಿ, ಟೆರಿಯನ್ ಆರ್ನಲ್ಡ್. ಅವನ ಫ್ರೆಂಡು. ಅದೇ ಕಾಲೇಜು, ಆ ಕಡೆ ಮೂಲೆ ಇವನು, ಈ ಕಡೆ ಮೂಲೆ ಅವನು."

"ಜೊತೇಲಿ ಆಡಿದವರನ್ನ ಜೊತೇಲೇ ತಗೋಬೇಕಪ್ಪ. ಜೋಡಿ ಎತ್ತು ಯಾರಾದ್ರೂ ಒಡೀತಾರಾ?" ಅಂದಳು. ಆಮೇಲೆ ತಾನು ಆಡಿದ ಮಾತು ತನಗೇ ನೆನಪಾಗಿ, "ಎತ್ತು ಅನ್ನಬಾರದು, ಬಿಡು" ಅಂತ ಇನ್ನೊಂದು ಕೋಡುಬಳೆ ನನ್ನ ಕೈಗಿಟ್ಟಳು.

ಮನೆ ಮುಟ್ಟಿದಾಗ ಮಧ್ಯರಾತ್ರಿ. ನನ್ನ ಬಡಕಲ ವಿಗಿನ್ಸ್ 30ನೆಯವನಾಗಿ ಬಾಲ್ಟಿಮೋರಿಗೆ ಹೋಗಿದ್ದ. ಮೊದಲ ಸುತ್ತು ಮುಗಿದರೂ ರಸ್ನಾ ಹುಡುಗನನ್ನು ಯಾರೂ ಕರೆದಿರಲಿಲ್ಲ. "ಮನೇವರೆಲ್ಲ ಕಾಯ್ತಾ ಕೂತಿರ್ತಾರೆ" ಅಂತ ಅಮ್ಮ ಒಂದೆರಡು ಸಲ ಅಂದಳು. ಶುಕ್ರವಾರ ಸಂಜೆ ಏಳಕ್ಕೆ ಎರಡನೇ ಸುತ್ತು ಅಂತ ಹೇಳಿದ್ದೆ. ಆರೂವರೆಗೇ ದೇವರಿಗೆ ದೀಪ ಹಚ್ಚಿ ಬಂದು ಟಿವಿ ಮುಂದೆ ಕೂತಿದ್ದಳು. 41ನೇ ಸರದಿಯಲ್ಲಿ ನ್ಯೂ ಆರ್ಲಿಯನ್ಸ್ ಅವನ ಹೆಸರು ಕೂಗಿತು.

"ಅಲ್ಲಿ ಚಳಿ ಇಲ್ಲ ತಾನೆ?"

"ಇಲ್ಲಮ್ಮ, ಸೆಖೆ."

"ಸರಿ ಹಾಗಾದ್ರೆ" ಅಂತ ಎದ್ದು ಅಡುಗೆಮನೆಗೆ ಹೋದಳು.