ಕಾರ್ಮಿಕರ ಪ್ರತಿನಿಧಿಯನ್ನು ಆರಿಸುವವರು ಯಾರು? 1919ರ ಒಂದು ವಿಧಿ

ವರ್ಸೇಲ್ಸ್ ಒಪ್ಪಂದ ಎಂದರೆ ಜರ್ಮನಿಗೆ ಹಾಕಿದ ದಂಡ, ಬದಲಾದ ಗಡಿಗಳು ನೆನಪಿಗೆ ಬರುತ್ತವೆ. ಅದರ 13ನೇ ಭಾಗವನ್ನು, ಅಂದರೆ 387ರಿಂದ 427ರವರೆಗಿನ ವಿಧಿಗಳನ್ನು, ತೆರೆದು ನೋಡುವವರು ಕಡಿಮೆ. ಯುದ್ಧದುದ್ದಕ್ಕೂ ಕಾರ್ಮಿಕ ಸಂಘಗಳು ಕೇಳುತ್ತ ಬಂದದ್ದಕ್ಕೆ ಸಿಕ್ಕ ಉತ್ತರ ಅಲ್ಲಿದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಹುಟ್ಟಿದ್ದೂ ಅಲ್ಲೇ.

ಶಾಂತಿ ಸಮ್ಮೇಳನ ಎಲ್ಲಿ, ಯಾವಾಗ ಸೇರುತ್ತದೋ ಅಲ್ಲೇ, ಆಗಲೇ ಕಾರ್ಮಿಕರ ಸಮ್ಮೇಳನವೂ ಸೇರಬೇಕು ಎಂದು ಅಮೆರಿಕನ್ ಫೆಡರೇಷನ್ ಆಫ್ ಲೇಬರ್ 1914ರಲ್ಲೇ ಠರಾವು ಮಾಡಿತ್ತು. 1916ರ ಜುಲೈನಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಕೂಡಿದ ಮಿತ್ರರಾಷ್ಟ್ರಗಳ ಸಂಘಗಳು ಇನ್ನೂ ಖಚಿತವಾಗಿ ಕೇಳಿದವು. ಸಂಘ ಕಟ್ಟುವ ಹಕ್ಕು, ಕೆಲಸದ ವೇಳೆ, ವಿಮೆ, ಕಾರ್ಖಾನೆ ತಪಾಸಣೆ ಎಲ್ಲವೂ ಒಪ್ಪಂದದೊಳಗೇ ಬರಬೇಕು ಎಂದವು. ಅವರ ಲೆಕ್ಕಾಚಾರ ಸರಿಯಾಗಿತ್ತು. ಯುದ್ಧ ನಡೆಯುವಾಗ ಕಾರ್ಮಿಕರಿಗೆ ಕೊಟ್ಟ ಬಾಯಿಮಾತು ಗುಂಡಿನ ಸದ್ದು ನಿಂತ ಮೇಲೆ ಉಳಿಯುವುದಿಲ್ಲ.

ಪ್ಯಾರಿಸ್ ಶಾಂತಿ ಸಮ್ಮೇಳನ ಈ ವಿಷಯಕ್ಕೆಂದು ನೇಮಿಸಿದ ಕಾರ್ಮಿಕ ಆಯೋಗ 1919ರ ಫೆಬ್ರವರಿ 1ರಿಂದ ಮಾರ್ಚ್ 24ರವರೆಗೆ 35 ಸಲ ಸಭೆ ಸೇರಿತು. ಸದಸ್ಯರು 15 ಮಂದಿ, ಅಧ್ಯಕ್ಷ ಅಮೆರಿಕದ ಸಂಘನಾಯಕ ಸ್ಯಾಮ್ಯುಯೆಲ್ ಗೊಂಪರ್ಸ್. ಆದರೆ ಅಲ್ಲಿ ಕೂತ ಕಾರ್ಮಿಕ ಮುಖಂಡರು ತಂತಮ್ಮ ಸರ್ಕಾರದ ಕಡೆಯಿಂದ ಬಂದವರು. ಸೋತ ದೇಶಗಳವರಿಗೆ ಪ್ರವೇಶವೇ ಇರಲಿಲ್ಲ. ಅವರೂ ತಟಸ್ಥ ದೇಶಗಳವರೂ ಅದೇ ಫೆಬ್ರವರಿಯಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ ಸೇರಿ ತಮ್ಮದೇ ಬೇಡಿಕೆಪಟ್ಟಿ ಬರೆದರು.

ಆಯೋಗದಲ್ಲಿ ಜಗಳ ಹತ್ತಿದ್ದು ಹೊಸ ಸಂಸ್ಥೆಯ ಸಮ್ಮೇಳನದಲ್ಲಿ ಯಾರಿಗೆ ಎಷ್ಟು ಮತ ಎಂಬುದರ ಮೇಲೆ. ಬ್ರಿಟಿಷರ ಕರಡಿನಂತೆ ಪ್ರತಿ ದೇಶದ ಸರ್ಕಾರಕ್ಕೆ ಎರಡು ಮತ, ಮಾಲೀಕರಿಗೆ ಒಂದು, ಕಾರ್ಮಿಕರಿಗೆ ಒಂದು. ಸರ್ಕಾರಕ್ಕೂ ಒಂದೇ ಸಾಕು ಎಂಬುದು ಗೊಂಪರ್ಸ್ ಪಟ್ಟು. ಬ್ರಿಟಿಷರ ವಾದದಲ್ಲಿ ಹುರುಳಿತ್ತು: ಊರಿಗೆ ಹೋಗಿ ಕಾನೂನು ಮಾಡಬೇಕಾದ ಸರ್ಕಾರಗಳನ್ನೇ ಮತದಲ್ಲಿ ಸೋಲಿಸಿದರೆ ನಿರ್ಣಯ ಕಾಗದದಲ್ಲೇ ಕೊಳೆಯುತ್ತದೆ. ಕೊನೆಗೆ ಎರಡು-ಒಂದು-ಒಂದು ಎಂಬುದೇ ನಿಂತಿತು. ಆದರೆ ಕಾರ್ಮಿಕ ಪ್ರತಿನಿಧಿಯನ್ನೂ ಸರ್ಕಾರವೇ ಆರಿಸಿದರೆ ಅದರ ಮತ ಎರಡಲ್ಲ, ಮೂರಾಗುತ್ತದೆ. ಆದ್ದರಿಂದಲೇ 13ನೇ ಭಾಗದಲ್ಲಿ ನನ್ನ ಕಣ್ಣಿಗೆ ಎಲ್ಲಕ್ಕಿಂತ ತೂಕದ್ದು 389ನೇ ವಿಧಿ.

ಅದು ಹೇಳುವುದಿಷ್ಟು: ಕಾರ್ಮಿಕ ಪ್ರತಿನಿಧಿಯನ್ನು ಆ ದೇಶದಲ್ಲಿ ಅತಿ ಹೆಚ್ಚು ಪ್ರಾತಿನಿಧ್ಯವುಳ್ಳ ಸಂಘಟನೆಗಳ ಒಪ್ಪಿಗೆ ಪಡೆದೇ ಸರ್ಕಾರ ಹೆಸರಿಸಬೇಕು. ಹಾಗೆ ಮಾಡದೆ ಯಾರನ್ನೋ ಕಳಿಸಿದರೆ, ಹಾಜರಿದ್ದ ಪ್ರತಿನಿಧಿಗಳ ಮೂರನೇ ಎರಡು ಭಾಗ ಮತದಿಂದ ಅವರನ್ನು ಹೊರಗಿಡಬಹುದು. ಮುಂದಿನ 390ನೇ ವಿಧಿ ಇನ್ನೊಂದು ಗಂಟು ಹಾಕಿತು. ಸರ್ಕಾರ ಕಾರ್ಮಿಕರ ಕಡೆಯವರನ್ನು ಕಳಿಸದೆ ಮಾಲೀಕರ ಕಡೆಯವರನ್ನಷ್ಟೇ ಕಳಿಸಿದರೆ, ಆ ಮಾಲೀಕ ಪ್ರತಿನಿಧಿ ಕೂರಬಹುದು, ಮಾತಾಡಬಹುದು, ಮತ ಹಾಕುವಂತಿಲ್ಲ. ಅನುಭವವಿಲ್ಲದವರಿಗೆ ಹೊಳೆಯುವ ಮಾತಲ್ಲ ಇದು.

ಸೋಲೂ ಇತ್ತು. ಮನುಷ್ಯನ ದುಡಿಮೆಯನ್ನು ಸರಕಿನಂತೆ ಕಾಣಕೂಡದು ಎಂದು ಆಯೋಗ ಬರೆದುಕೊಟ್ಟಿತ್ತು. ಅದು 427ನೇ ವಿಧಿಗೆ ಬರುವಷ್ಟರಲ್ಲಿ 'ಕೇವಲ ಸರಕು' ಎಂದು ಕಾಣಕೂಡದು ಎಂದಾಯಿತು. ಆ 'ಕೇವಲ' ಎಂಬ ಒಂದು ಪದ ಇಡೀ ವಾಕ್ಯದ ಬೆನ್ನು ಮುರಿಯಿತು: ಸರಕು ಹೌದು, ಜೊತೆಗೆ ಇನ್ನೇನೋ ಕೂಡ ಎಂಬ ಅರ್ಥ ಬಂತು. ಅದನ್ನು ಕಿತ್ತುಹಾಕಲು ಇನ್ನೊಂದು ಮಹಾಯುದ್ಧವೇ ಬೇಕಾಯಿತು. ಅದೇ ಸಂಸ್ಥೆಯ 1944ರ ಮೇ 10ರ ಫಿಲಡೆಲ್ಫಿಯಾ ಘೋಷಣೆಯಲ್ಲಿ 'ದುಡಿಮೆ ಸರಕಲ್ಲ' ಎಂದಷ್ಟೇ ಇದೆ.

389ನೇ ವಿಧಿಯಲ್ಲೂ ಒಂದು ಕಿಂಡಿ ಉಳಿದಿತ್ತು: 'ಅಂಥ ಸಂಘಟನೆಗಳಿದ್ದರೆ' ಎಂಬ ಮಾತು. ಒಪ್ಪಂದಕ್ಕೆ ಸಹಿ ಹಾಕಿದ ಭಾರತದಲ್ಲಿ ಆಗ ದೇಶವ್ಯಾಪಿ ಸಂಘಟನೆಯೇ ಇರಲಿಲ್ಲ. 1919ರ ಅಕ್ಟೋಬರ್ 29ಕ್ಕೆ ವಾಷಿಂಗ್ಟನ್‌ನಲ್ಲಿ ಶುರುವಾದ ಸಂಸ್ಥೆಯ ಮೊದಲ ಸಮ್ಮೇಳನಕ್ಕೆ ಕಾರ್ಮಿಕ ಪ್ರತಿನಿಧಿಯಾಗಿ ಸಮಾಜಸೇವಕ ಎನ್. ಎಂ. ಜೋಶಿಯವರನ್ನು ಸರ್ಕಾರವೇ ಹೆಸರಿಸಿತು. ಸಲಹೆಗಾರರಾಗಿ ಹೋದವರು ಬಿ. ಪಿ. ವಾಡಿಯಾ, 1918ರಲ್ಲಿ ಮದ್ರಾಸ್ ಲೇಬರ್ ಯೂನಿಯನ್ ಕಟ್ಟಿದವರು. (ಬೆಂಗಳೂರಿನ ಬಸವನಗುಡಿಯ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್ ಸ್ಥಾಪಿಸಿದ ವಾಡಿಯಾ ಇವರೇ.) ವಾಷಿಂಗ್ಟನ್‌ನಲ್ಲಿ ಒಪ್ಪಿದ ಮೊದಲ ಕನ್ವೆನ್ಷನ್ (ಅಂತರರಾಷ್ಟ್ರೀಯ ಒಡಂಬಡಿಕೆ) ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂದಿತು. ಬ್ರಿಟಿಷ್ ಇಂಡಿಯಾಕ್ಕೆ ಮಾತ್ರ ಅದರ 10ನೇ ವಿಧಿಯಲ್ಲಿ ವಾರಕ್ಕೆ 60 ಗಂಟೆ.

ಮುಂದಿನ ಸಲ ಹೆಸರು ಸೂಚಿಸಲು ದೇಶಕ್ಕೆಲ್ಲ ಸೇರಿದ ಒಂದು ಸಂಘಟನೆ ಬೇಕೇ ಬೇಕು ಎಂಬುದು ಎಲ್ಲರಿಗೂ ಮನದಟ್ಟಾಯಿತು. 1920ರ ಅಕ್ಟೋಬರ್ 31ರಂದು ಮುಂಬಯಿಯಲ್ಲಿ ಲಾಲಾ ಲಜಪತ್ ರಾಯ್ ಅಧ್ಯಕ್ಷತೆಯಲ್ಲಿ ಅಖಿಲ ಭಾರತ ಟ್ರೇಡ್ ಯೂನಿಯನ್ ಕಾಂಗ್ರೆಸ್ (ಎಐಟಿಯುಸಿ) ಹುಟ್ಟಿದ್ದಕ್ಕೆ ಇದೂ ಒಂದು ಕಾರಣ. ಭಾರತದ 1911ರ ಕಾರ್ಖಾನೆ ಕಾಯ್ದೆಯಲ್ಲಿ ಬಟ್ಟೆ ಗಿರಣಿಯ ಗಂಡಾಳಿಗೆ ದಿನಕ್ಕೆ 12 ಗಂಟೆ ದುಡಿಮೆ ಇತ್ತು. 1922ರ ತಿದ್ದುಪಡಿಯಲ್ಲಿ ಅದು ದಿನಕ್ಕೆ 11, ವಾರಕ್ಕೆ 60 ಗಂಟೆಗೆ ಇಳಿಯಿತು.