ತಪ್ಪು ಅಂತ ನಾನು ಹೊಡೆದುಹಾಕಿದ ಒಂದು ಸಾಲು

ಕಾದಂಬರಿಗಳನ್ನು ತಿದ್ದುವುದು ನನ್ನ ಕೆಲಸ. ಹಸ್ತಪ್ರತಿ ಅಂತ ಈಗಲೂ ಕರೆಯುತ್ತೇವೆ, ಬರುವುದು ಮಾತ್ರ ವರ್ಡ್ ಫೈಲ್. 11 ವರ್ಷ ಇದನ್ನೇ ಮಾಡಿ ಒಂದು ಕೆಟ್ಟ ಚಾಳಿ ಅಂಟಿಕೊಂಡಿದೆ. ತಪ್ಪು ಕಂಡರೆ ಸಾಕು, ಕೈ ಸುಮ್ನೆ ಇರುವುದಿಲ್ಲ.

ಆ ಸಲ ಬಂದದ್ದು ಒಂದು ಪ್ರೇಮಕಥೆ, ಜೊತೆಗೆ ಸಸ್ಪೆನ್ಸ್. ಕಾರು ಅಪಘಾತದಲ್ಲಿ ನಾಯಕಿಯ ತಲೆಗೆ ಪೆಟ್ಟು ಬೀಳುತ್ತದೆ. ಎಚ್ಚರವಾದಾಗ ಹಿಂದಿನ 3 ವರ್ಷ ಪೂರ್ತಿ ಅಳಿಸಿಹೋಗಿದೆ. ಪಕ್ಕದಲ್ಲಿ ಗಂಡ ಕಣ್ಣು ತುಂಬಿಕೊಂಡು ಕೂತಿದ್ದಾನೆ. ಅವಳ ಲೆಕ್ಕದಲ್ಲಿ ಮದುವೆಯಾಗಿ ಇನ್ನೂ ಆರು ತಿಂಗಳು. ಆದರೆ ಅವಳು ಒಂದು ವರ್ಷದ ಹಿಂದೆಯೇ ಅವನನ್ನು ಬಿಟ್ಟುಹೋಗಿದ್ದಳು ಅನ್ನುವುದು ಓದುಗರಿಗೆ ಮೊದಲ ಅಧ್ಯಾಯದಲ್ಲೇ ಗೊತ್ತು. ಯಾಕೆ ಬಿಟ್ಟಳು ಅನ್ನುವುದು ಮಾತ್ರ ಗೊತ್ತಿಲ್ಲ. ಅವನು ನಿಜಕ್ಕೂ ಬದಲಾಗಿ ಇನ್ನೊಂದು ಅವಕಾಶ ಕೇಳುತ್ತಿದ್ದಾನಾ, ಇಲ್ಲ ಅವಳ ಮರೆವನ್ನು ಬಳಸಿಕೊಳ್ಳುತ್ತಿದ್ದಾನಾ?

ಇಂಥ ಕಥೆ ಬಂದಾಗ ನಾನು ಒಂದು ಹಾಳೆ ಮಾಡಿಕೊಳ್ಳುತ್ತೇನೆ. ಅವಳಿಗೆ ಏನು ಗೊತ್ತು, ಅವನಿಗೆ ಏನು ಗೊತ್ತು, ಓದುಗರಿಗೆ ಏನು ಗೊತ್ತು ಅಂತ ಮೂರು ಕಾಲಂ, ಅಧ್ಯಾಯಕ್ಕೊಂದು ಸಾಲು. ಇದು ತುಂಬಾ ಕೆಲಸಕ್ಕೆ ಬರುತ್ತದೆ. 9ನೇ ಅಧ್ಯಾಯದಲ್ಲಿ ಅವಳು ಗೆಳತಿಯ ಮಗುವನ್ನು ಹೆಸರು ಹಿಡಿದು ಕರೆದಿದ್ದಳು. ಮಗುವಿಗೆ ಎರಡು ವರ್ಷ. ಅವಳ ಪಾಲಿಗೆ ಆ ಮಗು ಇನ್ನೂ ಹುಟ್ಟೇ ಇಲ್ಲ! ಇನ್ನೊಂದು ಕಡೆ ಅವಳು ಫೋನಿನ ಪಾಸ್‌ವರ್ಡ್ ಒತ್ತಿದ್ದಳು, ಫೋನು ತಗೊಂಡು ಒಂದೇ ವರ್ಷ ಆಗಿತ್ತು. ಅದನ್ನು ಬೆರಳಚ್ಚು ಅಂತ ಬದಲಾಯಿಸಿದೆವು. ಬೆರಳಿಗೆ ಮರೆವಿಲ್ಲವಲ್ಲ. ಹಾಗೆ ತಮಾಷೆ ಮಾಡಿದ್ದು ನಾನೇ. ಆಮೇಲೆ ಆ ಮಾತು ನನಗೇ ತಿರುಗಿತು.

14ನೇ ಅಧ್ಯಾಯದಲ್ಲಿ ಗಂಡ ಅವಳನ್ನು ಕೆರೆಯ ಪಕ್ಕದ ಒಂದು ಮನೆಗೆ ಕರೆತರುತ್ತಾನೆ. 'ನೀನು ಇಲ್ಲಿಗೆ ಬರ್ತಿರೋದು ಇದೇ ಮೊದಲು' ಅನ್ನುತ್ತಾನೆ. ಅವನ ಎರಡೂ ಕೈಯಲ್ಲಿ ಬ್ಯಾಗು. ಬೀಗ ತೆಗೆಯುವುದು ಅವಳು. ತೇವಕ್ಕೆ ಉಬ್ಬಿದ ಮರದ ಬಾಗಿಲು. 'ಹಿಡಿಕೆ ಹಿಡಿದು, ಬಾಗಿಲನ್ನು ಸ್ವಲ್ಪ ಮೇಲಕ್ಕೆತ್ತಿ, ಭುಜ ಕೊಟ್ಟು ತಳ್ಳಿದಳು.' ಅಷ್ಟೇ. ಲೇಖಕಿ ಅದರ ಬಗ್ಗೆ ಮತ್ತೊಂದು ಮಾತೂ ಬರೆದಿರಲಿಲ್ಲ.

ನಾನು ಪಕ್ಕದಲ್ಲಿ ಬರೆದೆ: 'ತಪ್ಪು. ಈ ಬಾಗಿಲನ್ನು ಎತ್ತಿ ತಳ್ಳಬೇಕು ಅಂತ ಇವಳಿಗೆ ಹೇಗೆ ಗೊತ್ತು?' ಅಲ್ಲಿಗೇ ನಿಲ್ಲಿಸಲಿಲ್ಲ. ಅವನು ಬ್ಯಾಗು ಕೆಳಗಿಟ್ಟು ತಾನೇ ಬಾಗಿಲು ತೆಗೆದ ಅಂತ ತಿದ್ದಿದೆ. ಎಷ್ಟು ಸೂಕ್ಷ್ಮವಾಗಿ ಹಿಡಿದೆ ನೋಡು ಅಂತ ಒಳಗೊಳಗೇ ಖುಷಿ ಬೇರೆ.

ಪೂರ್ತಿ ಓದದೆ ತಿದ್ದಲು ಕೂರಬೇಡಿ ಅಂತ ಹೊಸಬರಿಗೆ ಹೇಳುವವಳು ನಾನೇ. ಆ ಸಲ ಸಮಯ ಇರಲಿಲ್ಲ. ಮೊದಲರ್ಧ ತಿದ್ದಿ ಕಳಿಸಿದೆ, ಅವರು ಅದನ್ನು ನೋಡಿ ಉಳಿದರ್ಧ ಕಳಿಸಿದರು. ಕೊನೆಯ ಅಧ್ಯಾಯದಲ್ಲಿ ನಾಯಕಿ ಮೆಟ್ಟಿಲ ಮೇಲೆ ಜಾರುತ್ತಾಳೆ, ತಲೆಗೆ ಮತ್ತೊಂದು ಪೆಟ್ಟು, ಎಲ್ಲ ನೆನಪೂ ಒಂದೇ ಏಟಿಗೆ ವಾಪಸ್. ಅಪಘಾತದ ಕ್ಷಣವೂ ಸೇರಿ. ಇಷ್ಟು ಚೆನ್ನಾಗಿ ಬರೆಯುವವರು ಇಂಥ ಸವಕಲು ಕೊನೆ ಯಾಕೆ ಕೊಟ್ಟರು ಅಂತ ಫೋನ್ ಮಾಡಿದೆ.

"ಮೊದಲು ಹಾಗಿರಲಿಲ್ಲ ಮೇಡಂ," ಅಂದರು. "ಬಾಗಿಲಿಂದು ತಪ್ಪು ಅಂದ್ರಲ್ಲ, ಅದಕ್ಕೇ ಕೊನೆಯನ್ನೂ ಬದಲಾಯಿಸಿದೆ."

"ಬಾಗಿಲಿಗೂ ಕೊನೆಗೂ ಏನು ಸಂಬಂಧ?"

"ಅವಳ ಕೈಗೆ ನೆನಪಿತ್ತು ಮೇಡಂ. ಅವಳು ಅಲ್ಲಿ ಇದ್ದವಳೇ. ಅವನು ಸುಳ್ಳು ಹೇಳ್ತಿದ್ದ."

ಏನು ಹೇಳಲಿ? ಅವರದು ಮೊದಲ ಪುಸ್ತಕ. ನಾನು ತಪ್ಪು ಅಂದರೆ ತಪ್ಪೇ ಅಂತ ನಂಬಿದ್ದರು.

ಆ ರಾತ್ರಿ ಕೂತು ಮರೆವಿನ ರೋಗದ ಬಗ್ಗೆ ಓದಿದೆ. ಹೆನ್ರಿ ಮೊಲೈಸನ್ ಅನ್ನುವವರಿಗೆ 1953ರಲ್ಲಿ, 27ನೇ ವಯಸ್ಸಿನಲ್ಲಿ, ಮೂರ್ಛೆರೋಗಕ್ಕೆ ಮೆದುಳಿನ ಶಸ್ತ್ರಚಿಕಿತ್ಸೆ ಆಯಿತು. ಹೊಸ ನೆನಪು ಕೂರಲು ಬೇಕಾದ ಹಿಪೊಕ್ಯಾಂಪಸ್ ಅನ್ನುವ ಮೆದುಳಿನ ಭಾಗದಲ್ಲಿ ದೊಡ್ಡ ಪಾಲನ್ನು ಎರಡೂ ಕಡೆ ತೆಗೆದರು. ಆಮೇಲೆ ನಡೆದದ್ದು ಹೆಚ್ಚುಕಡಿಮೆ ಯಾವುದೂ ಅವರ ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. ಬ್ರೆಂಡಾ ಮಿಲ್ನರ್ ಅನ್ನುವ ಮನೋವಿಜ್ಞಾನಿ ಮೊಲೈಸನ್‌ಗೆ ಕನ್ನಡಿಯಲ್ಲಿ ಮಾತ್ರ ನೋಡುತ್ತಾ ನಕ್ಷತ್ರದ ಗೆರೆಯ ಮೇಲೆ ಪೆನ್ಸಿಲ್ ಓಡಿಸಲು ಕೊಟ್ಟರು. ದಿನದಿಂದ ದಿನಕ್ಕೆ ಕೈ ಪಳಗುತ್ತಾ ಹೋಯಿತು. ಹಿಂದೆ ಮಾಡಿದ ನೆನಪೇ ಇಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಸಂಗತಿ. ಶಸ್ತ್ರಚಿಕಿತ್ಸೆಯಾಗಿ ಕೆಲವು ವರ್ಷಗಳ ಮೇಲೆ ಹೋಗಿ ನೆಲೆಸಿದ ಮನೆಯ ನಕ್ಷೆಯನ್ನು ಅವರು ಬರೆದು ತೋರಿಸಿದ್ದರು. ಮನೆ! ನಾನು ಬಾಗಿಲು ಮುಚ್ಚಿದ್ದೂ ಅಲ್ಲೇ ಅಲ್ವಾ.

1911ರಲ್ಲಿ ಸ್ವಿಟ್ಜರ್ಲೆಂಡಿನ ವೈದ್ಯ ಎಡ್ವಾರ್ಡ್ ಕ್ಲಾಪಾರೆಡ್ ಬರೆದದ್ದೂ ಸಿಕ್ಕಿತು. ಮರೆವಿನ ರೋಗಿಯೊಬ್ಬಳ ಕೈ ಕುಲುಕುವಾಗ ಬೆರಳ ನಡುವೆ ಪಿನ್ನು ಅಡಗಿಸಿಟ್ಟು ಚುಚ್ಚಿದರಂತೆ. ಚುಚ್ಚಿದ್ದು ಅವಳಿಗೆ ಬೇಗ ಮರೆತುಹೋಯಿತು. ಆದರೆ ಮತ್ತೆ ಕೈ ಚಾಚಿದರೆ ತನ್ನ ಕೈ ಹಿಂದಕ್ಕೆಳೆದುಕೊಂಡಳು, ಯಾಕೆ ಅಂತ ಸರಿಯಾಗಿ ಹೇಳಲಾರಳು. (ಆ ವೈದ್ಯರ ಮೇಲೆ ನನಗೆ ಈಗಲೂ ಸಿಟ್ಟಿದೆ.) ಪ್ರೀತಿ ಮತ್ತು ಭಯ ಒಂದೇ ಕೈಯಲ್ಲಿರುವ ಕಾದಂಬರಿಗೆ ಇದಕ್ಕಿಂತ ಒಳ್ಳೆಯ ಜಾಗ ಎಲ್ಲಿದೆ?

ತಲೆಗೆ ಎರಡನೇ ಪೆಟ್ಟು ಬಿದ್ದರೆ ನೆನಪು ಮರಳುವುದು ಸಿನಿಮಾದಲ್ಲಿ ಮಾತ್ರ. ನಿಜದಲ್ಲಿ ಅದು ಅಪಾಯ. ಪೆಟ್ಟು ಬಿದ್ದ ಕ್ಷಣದ ನೆನಪಂತೂ ಸಾಮಾನ್ಯವಾಗಿ ಮರಳುವುದೇ ಇಲ್ಲ, ಮೆದುಳಿನಲ್ಲಿ ಅದು ಗಟ್ಟಿಯಾಗಿ ಕೂತೇ ಇರುವುದಿಲ್ಲ. ಅಂದರೆ ಲೇಖಕಿ ಮೊದಲು ಬರೆದದ್ದೇ ಸರಿ ಇತ್ತು. ಅವರನ್ನು ಸಿನಿಮಾದ ಕಡೆ ತಳ್ಳಿದ್ದು ನಾನು.

ಬೆಳಗ್ಗೆ ಮತ್ತೆ ಫೋನ್ ಮಾಡಿ ಕ್ಷಮೆ ಕೇಳಿದೆ. ಹಳೆಯ ಕೊನೆ ಕಳಿಸಿ ಅಂದೆ. ಅದರಲ್ಲಿ ನಾಯಕಿಗೆ ಏನೂ ನೆನಪಾಗುವುದಿಲ್ಲ. ಅದೇ ಬಾಗಿಲ ಮುಂದೆ ನಿಂತು, ತನ್ನ ಕೈ ಏನು ಮಾಡುತ್ತದೆ ಅಂತ ತಾನೇ ನೋಡುತ್ತಾಳೆ. ಓದಿ ಮೈ ಜುಮ್ಮೆಂದಿತು.

ಆದರೆ ಮೊದಲರ್ಧದ ಪುಟವಿನ್ಯಾಸ ಆಗಲೇ ಮುಗಿದಿತ್ತು. 14ನೇ ಅಧ್ಯಾಯಕ್ಕೆ ಒಂದು ಸಾಲು ಜಾಸ್ತಿ ಆದರೂ ಮುಂದಿನ ಪುಟಗಳೆಲ್ಲ ಜರುಗುತ್ತವೆ. ವಿನ್ಯಾಸ ಮಾಡುವವರು ಗೊಣಗಿದರು. ನಾನು ಸೇರಿಸಿದ್ದನ್ನು ಕಿತ್ತು ಅವರದನ್ನು ಅಲ್ಲಿಟ್ಟು ನೋಡಿದೆವು. ಎರಡು ಪದ ಹೆಚ್ಚಾಯಿತು. 'ಸ್ವಲ್ಪ' ಬೇಡ, ಆದರೆ 'ಭುಜ ಕೊಟ್ಟು' ಇರಲೇಬೇಕು ಅಂತ ಲೇಖಕಿ ಹಟ ಹಿಡಿದರು. ಕೊನೆಗೆ ಮೇಲಿನ ಪ್ಯಾರಾದಲ್ಲಿ ಒಂದು ವಿಶೇಷಣ ಹೋಯಿತು.

ಈಗ ನನ್ನ ಹಾಳೆಯಲ್ಲಿ ನಾಲ್ಕನೇ ಕಾಲಂ ಇದೆ: ಅವಳ ಕೈಗೆ ಏನು ಗೊತ್ತು. ಅದನ್ನು ಇಟ್ಟುಕೊಂಡು ಅದೇ ಕಾದಂಬರಿಯನ್ನು ಮೊದಲಿಂದ ಓದಿದೆ. 22ನೇ ಅಧ್ಯಾಯದಲ್ಲಿ ಅವಳು ಕೆರೆಗೆ ಬಿದ್ದು ಒದ್ದಾಡುತ್ತಾಳೆ, ಈಜಲು ಬರುವುದಿಲ್ಲ. ಈಜು ಕಲಿತದ್ದು ಮರೆತ ಆ 3 ವರ್ಷಗಳಲ್ಲಿ ಅಂತ 5ನೇ ಅಧ್ಯಾಯದಲ್ಲಿ ಗೆಳತಿ ಹೇಳಿರುತ್ತಾಳೆ. ಹಾಗಾದರೆ ಮೈಗೆ ಈಜು ಗೊತ್ತಿರಬೇಕಲ್ಲ. ಕೈ ಮತ್ತೆ ತುರಿಸಿತು. ತಡೆದುಕೊಂಡು ಪಕ್ಕದಲ್ಲಿ ಇಷ್ಟೇ ಬರೆದೆ: 'ಇದು ಬೇಕಂತಲೇ ಹೀಗಿಟ್ಟಿದ್ದಾ?'

ಹತ್ತು ನಿಮಿಷದಲ್ಲಿ ಉತ್ತರ ಬಂತು. 'ಅಯ್ಯೋ ಇಲ್ಲ ಮೇಡಂ, ಅದು ನಿಜವಾಗಲೂ ತಪ್ಪೇ.'